ಕಾನ್ವೆಂಟ್ ಕಾಲಂ ತೆಗೆದ ಮಳೆಗಾಲ

ಮೊನ್ನೆ ಪಾರ್ಕ್‌ಲ್ಯಾಂಡ್ಸ್‌ನ ದೊಡ್ಡ ಆಸ್ಪತ್ರೆಯಲ್ಲಿ ಫಿಲೋಮಿನಾ ಟೀಚರನ್ನು ನೋಡಿಕೊಂಡು ಹೊರಗೆ ಬಂದು ಕಾರಿಗಾಗಿ ಕಾಯುತ್ತ ನಿಂತಿದ್ದೆ. ಅವರಿಗೆ ಮಂಡಿಯ ಆಪರೇಷನ್ ಆಗಿದೆ. ಬೆಳಗಿನಿಂದ ಬಿಸಿಲಿಗೆ ಕಾದಿದ್ದ ಪಾರ್ಕಿಂಗಿನ ತಗಡಿನ ಚಾವಣಿಯ ಮೇಲೆ ಮಳೆಯ ಮೊದಲ ಹನಿಗಳು ಪಟಪಟನೆ ಬಿದ್ದವು. ಬಿಸಿ ತಗಡು, ತುಕ್ಕು, ಧೂಳು, ಎಲ್ಲೋ ಒದ್ದೆಯಾದ ಇದ್ದಿಲು, ಇವೆಲ್ಲ ಕಲೆತ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲಿ ನಿಲ್ಲಲಾರದೆ ಶತಪಥ ಹಾಕತೊಡಗಿದೆ. ಕಾವಲಿನವನು ಎರಡು ಸಲ ಬಂದು ಏನಾದರೂ ಕಳೆದುಕೊಂಡಿರಾ ಎಂದು ಕೇಳಿ ಹೋದ.

ಏನೂ ಕಳೆದಿರಲಿಲ್ಲ. ಆ ವಾಸನೆ ನನ್ನನ್ನು ಸೀದಾ ನೈರೋಬಿಯ ನನ್ನ ಮೊದಲ ಮಳೆಗಾಲಕ್ಕೆ ಎತ್ತಿ ಹಾಕಿತ್ತು, ಅಷ್ಟೆ. ಮಾರ್ಚಿನಿಂದ ಮೇ ತಿಂಗಳವರೆಗೆ ಇಲ್ಲಿ ಸುರಿಯುವ ದೊಡ್ಡ ಮಳೆಗೆ ಸರಿಯಾಗಿ ನಾನು ಮೈಸೂರಿನಿಂದ ಬಂದಿಳಿದಿದ್ದೆ. ಜೊತೆಗೆ ಹದಿಮೂರರ ಮಗಳು ನಿಧಿ. ಗಂಡ ಬ್ಯಾಂಕಿನ ಕೆಲಸ ಬಿಟ್ಟು ಬರುವಂತಿರಲಿಲ್ಲ. ಕಿಲೆಲೆಶ್ವಾದಲ್ಲಿ ಫ್ಲ್ಯಾಟು, ಗಿಗಿರಿಯ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಮೂರು ತಿಂಗಳ ಗುತ್ತಿಗೆ ಕೆಲಸ. ಬೆಳಕು ಹರಿಯುವ ಮೊದಲೇ ಕಿಟಕಿಯ ಹೊರಗೆ ಉದ್ದ ಕೊಕ್ಕಿನ ಹಕ್ಕಿಗಳು ಕಿರುಚಿ ಎಬ್ಬಿಸುತ್ತಿದ್ದವು. ಎದ್ದ ಗಳಿಗೆಯಿಂದ ಮಲಗುವವರೆಗೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದುದು ಸುಮ್ಮನೆ ಅಲ್ಲ.

ಕೆಲಸ ಹೇಳಲು ಸುಲಭ. ಈ ದೇಶದ ಜಿಲ್ಲೆಗಳ ಸರ್ಕಾರಿ ಶಾಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು. ಎಲ್ಲಿಗೆ ಎಷ್ಟು ಹಣ ಹೋಗುತ್ತಿದೆ, ಎಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ಟೀಚರ್, ಆ ಮಕ್ಕಳ ಮನೆಯವರು ಎಂಥವರು. ಜಿಲ್ಲೆಗೆ ಇಲ್ಲಿ ಕೌಂಟಿ ಎನ್ನುತ್ತಾರೆ. ನೈರೋಬಿ ತಾನೇ ಒಂದು ಕೌಂಟಿ, ಊರು ದೊಡ್ಡದೆಂದು ಅದನ್ನು ಮಾತ್ರ ನಾವು ಭಾಗ ಮಾಡಿಕೊಂಡಿದ್ದೆವು. ಕೊನೆಗೆ ಎಲ್ಲಕ್ಕೂ ಅಂಕ ಕೊಟ್ಟು ಒಂದು ಪಟ್ಟಿ, ಪಟ್ಟಿಯ ಮಧ್ಯೆ ಒಂದು ಕೆಂಪು ಗೆರೆ. ಗೆರೆಯ ಮೇಲಿದ್ದವರಿಗೆ ಹೊಸ ಕೋಣೆಗಳು, ಹೊಸ ಟೀಚರುಗಳು. ಕೆಳಗಿದ್ದವರು ಮುಂದಿನ ಪಟ್ಟಿಯವರೆಗೆ ಕಾಯಬೇಕು, ಮುಂದಿನ ಪಟ್ಟಿ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಂಕ ಕೊಡುವ ಸೂತ್ರ ನಮ್ಮ ಮೂರ್ತಿ ಸರ್ ಅವರದು. ಬೆಂಗಳೂರಿನವರು, ಸರ್ಕಾರಿ ಕೆಲಸದಲ್ಲಿ ಜೀವಮಾನವೆಲ್ಲ ಶಾಲೆಗಳ ಅಂಕಿಅಂಶ ಅರೆದು ಕುಡಿದು, ನಿವೃತ್ತಿಯಾದ ಮೇಲೆ ಸಲಹೆಗಾರರಾಗಿ ದೇಶ ಸುತ್ತುವವರು. ಕರ್ನಾಟಕದ ಜಿಲ್ಲೆಗಳಿಗೆಂದು ಅವರು ಮಾಡಿದ ಸೂತ್ರ ಅಲ್ಲಿ ಚೆನ್ನಾಗಿ ನಡೆದಿತ್ತು. ಅದರಲ್ಲಿ ಅವರಿಗೆ ಅತಿ ಹೆಮ್ಮೆಯದು ಒಂದು ಕಾಲಂ. ಜನರ ಆದಾಯ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಆದ್ದರಿಂದ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವವರು ಎಷ್ಟು ಎಂದು ನೋಡಿ, ಹೆಚ್ಚಿದ್ದರೆ ಉಳ್ಳವರ ಜಾಗ ಎಂದು ಅಂಕ ಇಳಿಸು. ನಮ್ಮ ಕಡೆ ಇದು ಸುಳ್ಳೂ ಅಲ್ಲ. ಮನೆಗೆ ಇನ್ನೆರಡು ಎಮ್ಮೆ ಬಂದರೆ ಸಾಕು, ಮಗು ಟೈ ಕಟ್ಟಿಕೊಂಡು ಹಳದಿ ವ್ಯಾನು ಹತ್ತುತ್ತದೆ. ಕಚೇರಿಯಲ್ಲಿ ಕನ್ನಡದವರಾದ ನಾವಿಬ್ಬರು, ಸರ್ ಮತ್ತು ನಾನು, ಅದನ್ನು ಕಾನ್ವೆಂಟ್ ಕಾಲಂ ಎಂದೇ ಕರೆಯುತ್ತಿದ್ದೆವು.

ಮೊದಲ ಕರಡು ಪಟ್ಟಿ ಎಲ್ಲ ಕೌಂಟಿಗಳಿಗೂ ಹೋಯಿತು. ಅದು ಹೋದ ಸಂಜೆ ಸುಮ್ಮನೆ ಕಣ್ಣಾಡಿಸುತ್ತಿದ್ದಾಗ ನನಗೆ ಮುಳ್ಳು ಚುಚ್ಚಿದಂತಾಯಿತು. ಪಟ್ಟಿಯ ತೀರಾ ಕೆಳಗೆ ನಮ್ಮ ಕಿಲೆಲೆಶ್ವಾ ಇರುವ ಭಾಗ. ಅದು ಸರಿ, ಇಲ್ಲಿ ಇರುವವರಿಗೆಲ್ಲ ಕಾರಿದೆ, ನನ್ನ ಮಗಳೇ ಖಾಸಗಿ ಶಾಲೆಗೆ ಹೋಗುತ್ತಾಳೆ. ಆದರೆ ಅದರ ಮಗ್ಗುಲಲ್ಲೇ, ಒಂದೇ ಮೆಟ್ಟಿಲು ಮೇಲೆ, ಊರಿನ ಪೂರ್ವದ ಅಂಚಿನ ಒಂದು ಭಾಗ ಕೂತಿತ್ತು. ವಿಮಾನ ಇಳಿದ ದಿನ ದಾರಿ ತಪ್ಪಿ ಆ ಕಡೆ ಹಾದು ಬಂದಿದ್ದೆವು. ಕಣ್ಣು ಹಾಯುವವರೆಗೆ ತಗಡು, ಕಪ್ಪು ಕೆಸರು, ಗೋಡೆಗೆ ಗೋಡೆ ತಾಗಿದ ಗುಡಿಸಲು. ಅಲ್ಲಿನವರು ಕಿಲೆಲೆಶ್ವಾದವರಷ್ಟೇ ಸ್ಥಿತಿವಂತರೆಂದು ನಮ್ಮ ಪಟ್ಟಿ ಹೇಳುತ್ತಿತ್ತು.

ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಓಡಾಡುತ್ತಿದ್ದೆ.

"ಅಮ್ಮಾ, ಯು ಆರ್ ಪೇಸಿಂಗ್ ಅಗೇನ್," ಎಂದಳು ನಿಧಿ, ಫೋನಿನಿಂದ ತಲೆ ಎತ್ತದೆ.

"ಕೂತ್ಕೊಂಡ್ರೆ ತಲೆ ಓಡಲ್ಲ ಕಣೇ."

"ದೆನ್ ಗೋ ಸಮ್‌ವೇರ್."

ಹುಡುಗಿ ಹೇಳಿದ್ದು ಸರಿ ಅನ್ನಿಸಿತು. ಫಿಲೋಮಿನಾ ಟೀಚರಿಗೆ ಫೋನ್ ಮಾಡಿದೆ. ಮಂಗಳೂರಿನವರು, ಮದುವೆಯಾಗಿ ಬಂದು ಇಲ್ಲಿನ ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಸ್ವಾಹಿಲಿ, ನನ್ನಂಥವರು ಸಿಕ್ಕರೆ ಕನ್ನಡ. ನಾನು ಆ ಜಾಗದ ಹೆಸರು ಹೇಳುತ್ತಲೇ, "ಅಲ್ಲಿ ನನ್ನ ಸ್ಟೂಡೆಂಟ್ ಒಬ್ಳು ಹೆಡ್‌ಮಿಸ್ ಇದ್ದಾಳೆ, ಅಕೋಥ್ ಅಂತ. ನಾಳೆಯೇ ಹೋಗುವ, ನಿಮಗೆ ಕೂತಲ್ಲಿ ಕೂರ್ಲಿಕ್ಕೆ ಆಗುದಿಲ್ಲ ಅಂತ ನಂಗೆ ಗೊತ್ತುಂಟು," ಎಂದು ನಕ್ಕರು.

ಇಲ್ಲಿನವರು ಓಡಾಡುವ ಮಿನಿಬಸ್ಸು, ಮಟಾಟುವಿನಲ್ಲೇ ಹೋದೆವು. ಎದೆ ಅದುರುವಂಥ ಹಾಡು, ಮಂಜು ಹಿಡಿದ ಗಾಜು, ಮಳೆಯಲ್ಲಿ ಕೆರೆಯಾದ ರಸ್ತೆ. ಟೀಚರು ಸೀಟಿನ ಅಂಚಿಗೆ ಕೂತು ಸೀರೆ ಎತ್ತಿ ಹಿಡಿದುಕೊಂಡು, ಮಳೆಗಾಲದಲ್ಲಿ ಈ ಸೀರೆ ಉಡುವ ಚಟ ಒಂದು ಬಿಡಬೇಕು ಎಂದು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಅಕೋಥ್ ಮೇಡಂ ಎತ್ತರದ, ದಪ್ಪ ದನಿಯ ಹೆಂಗಸು, ಐವತ್ತರ ಆಸುಪಾಸು. ಟೀಚರನ್ನು ಕಂಡವರೇ "ಮ್ವಾಲಿಮು!" ಎಂದು ಓಡಿಬಂದು ಎರಡೂ ಕೈ ಹಿಡಿದರು. ಗುರುವಿಗೆ ಇಲ್ಲಿ ಹೇಳುವ ಮಾತು ಅದು. ಅವರ ಶಾಲೆ ಆ ಭಾಗಕ್ಕೆಲ್ಲ ಇದ್ದ ಒಂದೇ ಸರ್ಕಾರಿ ಪ್ರಾಥಮಿಕ ಶಾಲೆ. ಒಂದೊಂದು ಬೆಂಚಿನಲ್ಲಿ ಮಕ್ಕಳು ಓರೆಯಾಗಿ ಕೂತಿದ್ದರು, ನೇರ ಕೂತರೆ ಅಷ್ಟು ಜನ ಹಿಡಿಯುವುದಿಲ್ಲ. ಬರೆಯುವಾಗ ಅರ್ಧ ಮಕ್ಕಳು ಕೈ ಎತ್ತಿ ಕಾಯುತ್ತಿದ್ದರು, ಉಳಿದರ್ಧ ಮುಗಿಸಿದ ಮೇಲೆ ಇವರ ಸರದಿ. ನಿವೃತ್ತಿಯಾದ ಟೀಚರುಗಳ ಜಾಗಕ್ಕೆ ಯಾರೂ ಬಂದಿರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಇಲ್ಲಿ ಇಷ್ಟೊಂದು ಖಾಸಗಿ ಶಾಲೆಗಳಿವೆಯಲ್ಲ, ಅವು ಎಲ್ಲಿ?

ಅವರು ಕಿಟಕಿಯತ್ತ ಕೈ ತೋರಿದರು. ಕಾಂಪೌಂಡಿನಾಚೆ ಚರಂಡಿ, ಅದರಾಚೆ ತಗಡಿನ ಸಾಲು. ಬಾಗಿಲಿಲ್ಲದ ಒಂದು ತಗಡಿನ ಕೋಣೆಯೊಳಗೆ ಸಮವಸ್ತ್ರದ ಕೆಂಪು ಸ್ವೆಟರುಗಳು ಕಂಡವು. ಮಳೆ ಜೋರಾಗಿ ತಗಡಿನ ಸದ್ದಿಗೆ ಪಾಠ ನಿಂತಿತ್ತು. ಮಕ್ಕಳು ಸುಮ್ಮನೆ ಮಳೆ ಕೇಳುತ್ತ ಕೂತಿದ್ದರು, ತುಕ್ಕು ಹಿಡಿದ ತಗಡಿನ ವಾಸನೆ ನಮ್ಮ ಕಿಟಕಿಯವರೆಗೂ ಬರುತ್ತಿತ್ತು.

"ಅವರು ನನ್ನ ಮಕ್ಕಳು," ಎಂದರು ಅಕೋಥ್. "ಪ್ರತಿ ಜನವರಿಯಲ್ಲೂ ಶಾಲೆ ಶುರುವಾಗುವಾಗ ಸೇರಿಸಿಕೊಳ್ಳಿ ಅಂತ ಈ ಗೇಟಿನ ಮುಂದೆ ನಿಲ್ಲುತ್ತಾರೆ. ಜಾಗ ಮುಗಿದ ಮೇಲೆ ಅಲ್ಲಿಗೆ ಹೋಗಿ ಅಂತ ನಾನೇ ಕಳಿಸುತ್ತೇನೆ. ಅದು ಖಾಸಗಿ ಶಾಲೆ ಹೌದು. ಪಾಪ, ಆ ಟೀಚರು ತಮ್ಮ ಕೈಲಾದದ್ದು ಮಾಡುತ್ತಾರೆ. ಅಪ್ಪ ಅಮ್ಮ ದಿನಗೂಲಿಯಲ್ಲಿ ಫೀಸು ಕಟ್ಟಬೇಕು, ಕಟ್ಟಲಾಗದ ವಾರ ಮಗು ಮನೆಯಲ್ಲೇ ಉಳಿಯುತ್ತದೆ."

ಹಾಗೆಂದು, ನನ್ನ ಮುಖ ನೋಡಿ ಕೇಳಿದರು. "ನಿಮ್ಮ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿದೆ ನೋಡಿದೆ. ನಾವು ಏನು ಮಾಡಿದೆವು ಅಂತ ಅಷ್ಟು ಕೆಳಗೆ ಹಾಕಿದ್ದೀರಿ?"

ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಸರ್ಕಾರಿ ಶಾಲೆಯಲ್ಲಿ ಜಾಗ ಸಿಗದೆ ಹೋದದ್ದಕ್ಕೇ ಆ ಮಕ್ಕಳು ಉಳ್ಳವರ ಮಕ್ಕಳಾಗಿದ್ದರು. ಉಳ್ಳವರ ಮಕ್ಕಳೆಂಬ ಕಾರಣಕ್ಕೇ ಸರ್ಕಾರಿ ಶಾಲೆಗೆ ಕೋಣೆ ಸಿಗುತ್ತಿರಲಿಲ್ಲ. ಈ ಸುತ್ತನ್ನು ನಮ್ಮ ಸೂತ್ರ ಬೀಗ ಹಾಕಿ ಭದ್ರ ಮಾಡಿತ್ತು.

ಮರುದಿನ ಬೆಳಿಗ್ಗೆ ಮೂರ್ತಿ ಸರ್ ಕೋಣೆಗೆ ನುಗ್ಗಿದೆ. ಅವರು ಫ್ಲಾಸ್ಕಿನಿಂದ ಮನೆಯ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

"ನೋಡಿ ವಸುಧಾ, ಎಕ್ಸೆಪ್ಷನ್ ಎಲ್ಲಾ ಕಡೆ ಇರುತ್ತೆ. ಒಂದು ಸ್ಲಮ್ ನೋಡ್ಬಿಟ್ಟು ಇಡೀ ಮಾಡೆಲ್ ತಪ್ಪು ಅಂದ್ರೆ ಹೆಂಗೆ?"

"ಸರ್, ನೀವೊಂದ್ಸಲ ಬಂದು ನೋಡಿ."

"ನಾನು ನೋಡದೇ ಇರೋ ಸ್ಕೂಲಾ? ಬೀದರಿಂದ ಚಾಮರಾಜನಗರದ ತನಕ ಸುತ್ತಿದೀನಿ ಕಣ್ರೀ. ದುಡ್ಡಿಲ್ದೇ ಯಾರೂ ಪ್ರೈವೇಟ್‌ಗೆ ಸೇರ್ಸಲ್ಲ. ಬಿಡಿ, ನಿಮ್ಮ ಕಾಂಟ್ರ್ಯಾಕ್ಟ್ ಎಕ್ಸ್‌ಟೆನ್ಷನ್ ವಿಷ್ಯ ಬೇರೆ ನಡೀತಿದೆ. ಈಗ ಇದನ್ನೆಲ್ಲಾ ಕೆದಕ್ಬೇಡಿ."

ಒಳ್ಳೆಯ ಮನುಷ್ಯರೇ ಅವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದೊಂದು ಬಿಟ್ಟರೆ. ಎಷ್ಟು ಸಲ ಹೋದರೂ ಅದೇ ಮಾತು, ಅದೇ ಕಾಫಿ. ಮಳೆ ಬಿಡುತ್ತಿರಲಿಲ್ಲ, ಗಿಗಿರಿಯ ದಾರಿಯಲ್ಲಿ ಕಾರುಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು, ನಾನು ಕಾರಿನೊಳಗೆ ಕೂತು ಉಗುರು ಕಚ್ಚುತ್ತಿದ್ದೆ. ಅಂತಿಮ ಪಟ್ಟಿ ಹೋಗುವ ದಿನ ಹತ್ತಿರವಾಗುತ್ತಿತ್ತು. ಅದು ಹಾಗೇ ಹೋದರೆ ಗೇಟಿನಲ್ಲಿ ಅಕೋಥ್ ಮೇಡಂ ಇನ್ನೆಷ್ಟು ಜನವರಿ ನಿಂತು ಮಕ್ಕಳನ್ನು ತಿರುಗಿಸಿ ಕಳಿಸಬೇಕೋ ಎಂಬ ಒಂದೇ ಯೋಚನೆ.

ದಾರಿ ತೋರಿಸಿದ್ದು ಫಿಲೋಮಿನಾ ಟೀಚರು. ಯುಗಾದಿಗೆ ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಹಾಲಿನಲ್ಲಿ ಕನ್ನಡದವರೆಲ್ಲ ಸೇರುತ್ತಾರೆ. ಮೊಂಬಾಸಾ ಕಡೆಯಿಂದ ತರಿಸಿದ ಬೇವು, ಯಾರದೋ ಮನೆಯ ಒಬ್ಬಟ್ಟು, ಇಂಗ್ಲಿಷಿನಲ್ಲಿ ಜಗಳವಾಡುವ ನಮ್ಮ ಮಕ್ಕಳು. ಇಗರ್ಜಿಗೆ ಹೋಗುವ ಟೀಚರೂ ಪ್ರತಿ ವರ್ಷ ತಪ್ಪದೆ ಬರುತ್ತಾರೆ, ಕೈಯಲ್ಲಿ ನೀರುದೋಸೆಯ ಡಬ್ಬಿ. ಅಲ್ಲಿ ಮೂರ್ತಿ ಸರ್ ಸೂತ್ರದ ಮಹಿಮೆಯನ್ನು ಡಾಕ್ಟರೊಬ್ಬರಿಗೆ ವಿವರಿಸುತ್ತಿದ್ದರು. ಟೀಚರು ಅವರ ಎಲೆಗೆ ಇನ್ನೊಂದು ದೋಸೆ ಹಾಕಿ, ತೀರಾ ಸಂಕೋಚದಿಂದ ಎಂಬಂತೆ ಹೇಳಿದರು.

"ಸರ್, ನನ್ನ ಹಳೇ ಸ್ಟೂಡೆಂಟಿನ ಶಾಲೆಯಲ್ಲಿ ಟರ್ಮ್ ಮುಗಿಯುವ ದಿನ ಒಂದು ಸಣ್ಣ ಕಾರ್ಯಕ್ರಮ ಉಂಟು. ಚೀಫ್ ಗೆಸ್ಟಿಗೆ ದೊಡ್ಡವರು ಯಾರೂ ಸಿಕ್ಕಲಿಲ್ಲ ಮಾರಾಯ್ರೆ. ನಿಮಗೆ ಪುರುಸೊತ್ತು ಇಲ್ಲವೋ ಏನೋ."

ನಮ್ಮ ಅಧಿಕಾರಿಗಳ ಮರ್ಮ ಬಲ್ಲವರೇ ಬಲ್ಲರು. ಬನ್ನಿ ನೋಡಿ ಎಂದರೆ ಬರದವರು ಮುಖ್ಯ ಅತಿಥಿ ಎಂದರೆ ಸಮುದ್ರ ದಾಟಿಯಾದರೂ ಬರುತ್ತಾರೆ. ಮೂರ್ತಿ ಸರ್ ಕೈ ತೊಳೆಯುವ ಮೊದಲೇ ಒಪ್ಪಿಕೊಂಡರು. ನಾನು ನಗು ತಡೆಯಲು ಹೊರಗೆ ಹೋಗಿ ಚಪ್ಪಲಿ ಹುಡುಕುವ ನಾಟಕ ಮಾಡಬೇಕಾಯಿತು.

ಆ ದಿನ ಅವರು ನೀಲಿ ಸೂಟಿನಲ್ಲಿ ಬಂದರು. ಕಾರು ಒಳಗೆ ಹೋಗುವಂತಿರಲಿಲ್ಲ, ಇಳಿದು ಕೆಸರಿನಲ್ಲಿ ಹಲಗೆಯಿಂದ ಹಲಗೆಗೆ ಕಾಲಿಟ್ಟು ನಡೆದರು. ಅಕೋಥ್ ಮೇಡಂ ನಿಜವಾಗಿಯೂ ಒಂದು ಕಾರ್ಯಕ್ರಮ ಇಟ್ಟಿದ್ದರು. ಪ್ಲಾಸ್ಟಿಕ್ ಹೂವಿನ ಹಾರ, ಮಕ್ಕಳ ಹಾಡು, ಮಂಡಾಜಿ ಎಂಬ ಎಣ್ಣೆಯಲ್ಲಿ ಕರಿದ ಸಿಹಿ ಬನ್ನು ಮತ್ತು ಚಹಾ. ಮೂರ್ತಿ ಸರ್ ಶಿಸ್ತಿನ ಮಹತ್ವದ ಬಗ್ಗೆ ಭಾಷಣವನ್ನೂ ಮಾಡಿದರು. ಆಮೇಲೆ ಅಕೋಥ್ ಮೇಡಂ ಸರ್ ಅವರನ್ನು ಮಾತಾಡಿಸುತ್ತ ಹಿಂದಿನ ಗೇಟಿನಿಂದ ಚರಂಡಿ ದಾಟಿಸಿ ಆ ತಗಡಿನ ಶಾಲೆಗೆ ಕರೆದುಕೊಂಡು ಹೋದರು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಅವರು ಹಾರ ಹಾಕಿಕೊಂಡೇ ನಡೆದರು.

ಒಳಗೆ ಮಂದ ಬೆಳಕು. ಸರ್ ಹಳೆಯ ಅಭ್ಯಾಸದಂತೆ ತಪಾಸಣೆಗೆ ಬಂದವರಾಗಿಬಿಟ್ಟರು. ಮಗ್ಗಿ ಕೇಳಿದರು, ಮಕ್ಕಳು ಚೆನ್ನಾಗಿಯೇ ಹೇಳಿದವು. "ವೆರಿ ಗುಡ್. ಈ ಖಾಸಗಿ ಶಾಲೆಯನ್ನೇ ನೀವು ಯಾಕೆ ಆರಿಸಿಕೊಂಡಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಕ್ಕಳು ಮುಖ ಮುಖ ನೋಡಿಕೊಂಡವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಅಕೋಥ್ ಮೇಡಂ ಅವರನ್ನು ತೋರಿಸಿ, "ಅವರ ಶಾಲೆಯಲ್ಲಿ ಜಾಗ ಇರಲಿಲ್ಲ," ಎಂದಳು.

"ಇನ್ಯಾರು ಯಾರು ಅಲ್ಲಿಗೆ ಮೊದಲು ಹೋಗಿದ್ದಿರಿ?" ಸರ್ ಕೇಳಿದರು.

ಕೈಗಳು ಎದ್ದವು. ಒಂದೊಂದಾಗಿ ಅಲ್ಲ, ಇಡೀ ಕೋಣೆ ಒಟ್ಟಿಗೆ. ಮೂರ್ತಿ ಸರ್ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾರಿಗೆ ಬಂದು ಕೂತರು. ಬೂಟಿನ ಕೆಸರನ್ನು ಕಾಗದದಲ್ಲಿ ಒರೆಸುತ್ತ, ಮೂವತ್ತು ವರ್ಷದಿಂದ ಅದು ಸರಿಯಾಗೇ ಇತ್ತಲ್ಲ ಎಂದು ತಮಗೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಆ ಕಾಲಂ ತೆಗ್ದುಬಿಡಿ ವಸುಧಾ. ಪೂರ್ತಿ ತೆಗ್ದುಬಿಡಿ," ಎಂದರು. ಅವರ ಮೇಲೆ ನನಗೆ ಅಂದು ಎಷ್ಟು ಪ್ರೀತಿ ಬಂತೆಂದರೆ, ಇಷ್ಟು ದಿನ ಬೆನ್ನ ಹಿಂದೆ ಆಡಿದ್ದಕ್ಕೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಕಾಲಂ ತೆಗೆದೆ. ಕಂಪ್ಯೂಟರು ಒಂದು ಕ್ಷಣ ಯೋಚಿಸಿ ಪಟ್ಟಿಯನ್ನು ಮತ್ತೆ ಜೋಡಿಸಿತು. ಅಕೋಥ್ ಅವರ ಭಾಗ ಕೆಳಗಿನಿಂದ ಎದ್ದು ಕೆಂಪು ಗೆರೆ ದಾಟಿ ಮೇಲೆ ಕೂತಿತು. ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿದೆ. ಸುತ್ತು ಮುಗಿಸಿ ಬಂದು ಮತ್ತೆ ನೋಡಿದಾಗ ಗೆರೆಯ ಕೆಳಗೇ ಹೊಸ ಹೆಸರೊಂದು ಕಂಡಿತು. ಉತ್ತರದ ಒಣ ನಾಡಿನ ಒಂದು ಕೌಂಟಿ. ಕರಡಿನಲ್ಲಿ ಅದು ಗೆರೆಯ ಮೇಲಿತ್ತು.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಅಲ್ಲಿ ಖಾಸಗಿ ಶಾಲೆಗಳೇ ಇಲ್ಲ. ಅದನ್ನು ಬಡ ಜಾಗ ಎಂದು ಎತ್ತಿ ಹಿಡಿದದ್ದೇ ಕಾನ್ವೆಂಟ್ ಕಾಲಂ. ಅದನ್ನು ತೆಗೆದ ಮೇಲೆ ಉಳಿದದ್ದು ಮುಖ್ಯವಾಗಿ ಟೀಚರುಗಳ ಲೆಕ್ಕ, ಆ ಲೆಕ್ಕದಲ್ಲಿ ಆ ಜಿಲ್ಲೆಗೆ ಕೊರತೆಯೇ ಕಾಣಲಿಲ್ಲ. ಮಕ್ಕಳು ಶಾಲೆಗೆ ಬಂದರಲ್ಲವೇ ಟೀಚರು ಸಾಲದಾಗುವುದು? ಅಲ್ಲಿ ಅರ್ಧ ಮಕ್ಕಳು ಆಡು ಒಂಟೆಗಳ ಹಿಂದೆ ನೀರು ಹುಡುಕಿಕೊಂಡು ಹೋಗಿರುತ್ತಾರೆಂದು ಕಚೇರಿಯ ಎಲ್ಲರಿಗೂ ಗೊತ್ತಿತ್ತು. ಬಾರದ ಮಕ್ಕಳನ್ನು ಎಣಿಸುವ ಕಾಲಂ ನಮ್ಮ ಸೂತ್ರದಲ್ಲಿ ಇರಲಿಲ್ಲ.

ಮತ್ತೆ ಸರ್ ಹತ್ತಿರ ಓಡಿದೆ. ಈ ಸಲ ಅವರು ವಾದ ಮಾಡಲಿಲ್ಲ.

"ನೀವು ಹೇಳೋದು ನಿಜ. ಆದ್ರೆ ಆ ಮಕ್ಕಳ ಲೆಕ್ಕ ತರೋಕೆ ಒಂದು ವರ್ಷ ಬೇಕು. ಇವತ್ತು ಪಟ್ಟಿ ಹೋಗ್ಲಿಲ್ಲ ಅಂದ್ರೆ ಈ ವರ್ಷದ ಕೋಣೆ, ಪೋಸ್ಟು ಎಲ್ಲಾ ಹೋಯ್ತು, ಯಾರಿಗೂ ಇಲ್ಲ. ಗೆರೆ ಜರುಗ್ಸೋದು ನನ್ನ ಕೈಲಿಲ್ಲ. ಕೆಳಗಡೆ ಒಂದು ಟಿಪ್ಪಣಿ ಬರೀರಿ, ನಾನೂ ಸೈನ್ ಹಾಕ್ತೀನಿ. ಕಳ್ಸೋದು ಮಾತ್ರ ಇವತ್ತೇ."

ಟಿಪ್ಪಣಿ ಬರೆದೆ. ಕಳಿಸಲು ಕೈ ಬರಲಿಲ್ಲ. ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಗಾಜಿನಾಚೆ ಹುಲ್ಲುಹಾಸಿನ ಮೇಲೆ ಮಳೆ ಸಣ್ಣಗೆ ಹಿಡಿದಿತ್ತು. ಯಾಕೆ ಮಾಡಿದೆನೋ, ಅಕೋಥ್ ಅವರಿಗೆ ಫೋನ್ ಮಾಡಿದೆ. ಖುಷಿಯ ಸುದ್ದಿಯನ್ನು ಮೊದಲು ಹೇಳಿದೆ. ಆ ಕಡೆಯಿಂದ ಕೂಗು, ಚಪ್ಪಾಳೆ, ಸ್ಟಾಫ್ ರೂಮಿನಲ್ಲಿ ಯಾರೋ ಹಾಡಿದ್ದು. "ಅಸಾಂಟೆ, ಅಸಾಂಟೆ," ಎಂದು ಎಷ್ಟು ಸಲ ಧನ್ಯವಾದ ಹೇಳಿದರೋ.

ಆಮೇಲೆ ಗಲಾಟೆ ಹಿಂದೆ ಸರಿಯಿತು. ಅವರು ಹೊರಗೆ ಬಂದು ನಿಂತಿರಬೇಕು. "ಒಂದು ಕೇಳಲಾ?" ಎಂದರು. "ನಾವು ಒಳಗೆ ಬಂದದ್ದಕ್ಕೆ ಹೊರಗೆ ಹೋದವರು ಯಾರು?"

ನಾನು ದಂಗಾದೆ. ನಾನು ಆ ಮಾತು ಎತ್ತಿರಲೇ ಇಲ್ಲ.

"ವರ್ಷವರ್ಷ ಗೇಟಿನಲ್ಲಿ ನಿಲ್ಲುವವಳು ನಾನು. ಒಂದು ಮಗು ಒಳಗೆ ಬಂದರೆ ಒಂದು ಹೊರಗೆ. ಯಾರು, ಹೇಳಿ."

ಹೇಳಿದೆ. ಯಾಕೆ ಕೆಳಗೆ ಜಾರಿತು ಎಂದೂ ಹೇಳಿದೆ. ನೀವು ಬೇಡವೆಂದರೆ ಇನ್ನೊಂದು ದಿನ ತಡೆದು ನೋಡುತ್ತೇನೆ ಎಂದು ತೊದಲಿದೆ. ಅವರಿಂದ ನನಗೆ ಅಪ್ಪಣೆ ಬೇಕಿತ್ತೋ, ಕ್ಷಮೆ ಬೇಕಿತ್ತೋ, ಈಗಲೂ ತಿಳಿಯದು.

"ಬೇಡ, ತಡೆಯಬೇಡಿ," ಎಂದರು ಅಕೋಥ್. ದನಿ ಗಟ್ಟಿಯಾಗಿತ್ತು. "ಕಳಿಸಿ. ನಾನು ಒಳ್ಳೆಯವಳು ಅನ್ನಿಸಿಕೊಳ್ಳಲು ನನ್ನ ಮಕ್ಕಳನ್ನು ಚರಂಡಿಯಾಚೆ ಕೂರಿಸಲಾರೆ." ಹಾಗೆಂದವರೇ, "ಆದರೆ ಅಲ್ಲೂ ನನ್ನಂಥ ಒಬ್ಬರು ಇರುತ್ತಾರಲ್ಲ. ಅವರಿಗೆ ಯಾರು ಫೋನ್ ಮಾಡುತ್ತಾರೆ?" ಎಂದರು.

ಒಳಗೆ ಹೋಗಿ ಪಟ್ಟಿಯನ್ನು ಕಳಿಸಿದೆ. ಸರ್ ಕೋಣೆಯ ದೀಪ ಆರಿತ್ತು, ಎಲ್ಲರೂ ಕಾರುಗಳತ್ತ ಹೊರಟಿದ್ದರು. ನಾನು ಚೀಲ ಹೆಗಲಿಗೆ ಹಾಕಿಕೊಂಡೆ, ಮತ್ತೆ ಇಳಿಸಿದೆ. ಆ ಉತ್ತರದ ಕೌಂಟಿಯ ಶಾಲೆಗಳಲ್ಲಿ ಫೋನ್ ನಂಬರು ಇದ್ದ ಒಂದನ್ನು ಹುಡುಕಿ, ನಿಂತೇ ಡಯಲ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಗಾಳಿಯ ಸದ್ದಿನ ನಡುವೆ ವಯಸ್ಸಾದ ಗಂಡು ದನಿಯೊಂದು ಕೇಳಿಸಿತು. ಆ ಶಾಲೆಯ ಹೆಡ್‌ಮಾಸ್ಟರು. ನಾನು ನನ್ನ ಹೆಸರು, ಕಚೇರಿಯ ಹೆಸರು ಹೇಳಿದೆ.

"ಓ, ಪಟ್ಟಿಯವರಾ!" ಎಂದರು ಅವರು, ದನಿ ತುಂಬ ಸಂತೋಷ. "ಕರಡಿನಲ್ಲಿ ನಮ್ಮ ಹೆಸರು ಗೆರೆಯ ಮೇಲೇ ಇತ್ತು. ಒಂದು ನಿಮಿಷ ತಾಯಿ, ಲೈನಿನಲ್ಲೇ ಇರಿ. ಇಲ್ಲಿ ಎಲ್ಲರನ್ನೂ ಕರೆಯುತ್ತೇನೆ, ಅವರಿಗೂ ನೀವೇ ಹೇಳಿಬಿಡಿ."